ಕೆಮ್ಮದವರ ಕೋಣೆ

ಆ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರ ಕೈಗೆ ರೇಕಕ್ಕ ಮೊದಲ ದಿನ ಏನನ್ನೂ ಕೊಡುತ್ತಿರಲಿಲ್ಲ. ಮೂಲೆಯಲ್ಲೊಂದು ಮಣೆ ಹಾಕಿ ಕೂರಿಸಿ, "ಇವತ್ತು ಉಸಿರಾಡೋದು ಕಲಿ, ಸಾಕು" ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಆಡಿಕೊಂಡೇ ಬಂದ ಉಸಿರನ್ನು ಇವಳಿಂದ ಕಲಿಯುವುದೇನು ಎಂದು ಹುಡುಗಿಯರು ಒಳಗೊಳಗೇ ನಗುತ್ತಿದ್ದರು. ಊಟದ ಹೊತ್ತಿಗೆ ಆ ನಗು ಇಳಿದಿರುತ್ತಿತ್ತು. ಸಂಜೆಗೆ ಕೆಲವರು ಅತ್ತು, ನಾಳೆಯಿಂದ ಬರೋದಿಲ್ಲ ಎಂದು ಹೇಳಿ ಹೋಗುತ್ತಿದ್ದರು.

ಅದು ಚಿನ್ನದ ರೇಕು ಮಾಡುವ ಮನೆ. ಮುಂದಿನ ಅಂಗಳದಲ್ಲಿ ಗಂಡಸರು ಚಿನ್ನದ ಚೂರುಗಳನ್ನು ಕಾಗದದ ಹಾಳೆಗಳ ನಡುವೆ ಒಂದೊಂದಾಗಿ ಇಟ್ಟು, ಚರ್ಮದ ಚೀಲದಲ್ಲಿ ಬಿಗಿದು, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಬಡಿದೂ ಬಡಿದೂ ಚಿನ್ನ ಎಷ್ಟು ತೆಳ್ಳಗಾಗುತ್ತದೆ ಎಂದರೆ, ಬೆಳಕಿಗೆ ಹಿಡಿದರೆ ಅದರ ಆಚೆಗಿನ ಲೋಕ ಹಸಿರಾಗಿ ಕಾಣುತ್ತದೆ. ಬೆರಳಿಂದ ಮುಟ್ಟಿದರೆ ಬೆರಳಿಗೇ ಅಂಟಿ ಮಾಯವಾಗುತ್ತದೆ. ಆಮೇಲೆ ಒಳಕೋಣೆಯ ಹೆಂಗಸರ ಸರದಿ. ಬಿದಿರಿನ ಇಕ್ಕಳದಿಂದ ರೇಕನ್ನು ಎತ್ತಿ, ಚರ್ಮದ ದಿಂಬಿನ ಮೇಲೆ ಹಾಸಿ, ನಟ್ಟನಡುವೆ ಒಂದೇ ಒಂದು ಸಣ್ಣ ಊದು ಕೊಟ್ಟು ಸುಕ್ಕು ಬಿಡಿಸಿ, ಚೌಕವಾಗಿ ಕತ್ತರಿಸಿ, ತೆಳುಕಾಗದದೊಳಗೆ ಮಲಗಿಸಬೇಕು. ಚಿತ್ರದ ಚೌಕಟ್ಟಿಗೆ, ದಪ್ಪ ಪುಸ್ತಕಗಳ ಅಂಚಿಗೆ, ದೊಡ್ಡ ಅಂಗಡಿಗಳ ಬೋರ್ಡಿನ ಅಕ್ಷರಕ್ಕೆ ಹೋಗುವ ಚಿನ್ನ ಅದು.

ಆ ಕೋಣೆಯಲ್ಲಿ ಫ್ಯಾನಿರಲಿಲ್ಲ. ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿತ್ತು. ಬಾಗಿಲನ್ನು ತೆರೆಯುವ ಮುನ್ನ ಹೊರಗಿನಿಂದ ತಟ್ಟಿ, ಒಳಗಿನವರು ರೇಕಿನ ಮೇಲೆ ಕಾಗದ ಮುಚ್ಚಿ "ಹ್ಞೂಂ" ಎಂದ ಮೇಲೇ ತೆರೆಯಬೇಕು. ಒಬ್ಬರು ಸೀನಿದರೆ ಪಕ್ಕದ ನಾಲ್ವರ ರೇಕು ಚಿಂದಿಯಾಗಿ ಹಾರುತ್ತದೆ. ಸೀನು, ಬಿಕ್ಕಳಿಕೆ, ಆಕಳಿಕೆ ಎಲ್ಲವೂ ಹೊಸ್ತಿಲಾಚೆ. ನಗು ತಡೆಯಲಾಗದಿದ್ದರೆ ಹೊರಗೆ ಹೋಗಿ ಮನಸಾರೆ ನಕ್ಕು ಮುಖ ಒರೆಸಿಕೊಂಡು ಬರಬೇಕು. ಇನ್ನು ಕೆಮ್ಮು. ಕೆಮ್ಮುವವರಿಗೆ ಆ ಕೋಣೆಯಲ್ಲಿ ಜಾಗವೇ ಇಲ್ಲ, ಅಂಗಳ ಗುಡಿಸುವ ಕೆಲಸಕ್ಕೆ ಹೋಗಬೇಕು. ಹಾಗಾಗಿ ಅಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. "ನಮ್ಮದು ಕೆಮ್ಮದವರ ಕೋಣೆ" ಎಂದು ರೇಕಕ್ಕ ಹೇಳಿಕೊಳ್ಳುವಾಗ ಅವಳ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡನೆನಿಸಿಕೊಂಡವನು ಮದುವೆಯಾದ ಹೊಸದರಲ್ಲೇ ಬೇರೆ ಊರಿಗೆ ಕೆಲಸಕ್ಕೆಂದು ಹೋಗಿ, ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ಹುಡುಕಿಕೊಂಡು ಹೋಗಲಿಲ್ಲ. "ಚೆಲ್ಲಿಹೋದ ಹಾಲಿನ ಹಿಂದೆ ಪಾತ್ರೆ ಹಿಡ್ಕೊಂಡು ಹೋಗ್ತಾರಾ?" ಎಂದು ಹೇಳಿ ಊರವರ ಬಾಯಿ ಮುಚ್ಚಿಸಿ ಈ ಕೋಣೆಗೆ ಸೇರಿದಳು. ಆಗ ಅಲ್ಲಿ ಒಬ್ಬ ಮುದುಕಿ ಇದ್ದಳು, ಒಣಗಿದ ಸೌದೆಯಂಥ ಮೈಯವಳು. ಕೆಮ್ಮು ನುಂಗುವ ವಿದ್ಯೆಯನ್ನು ಇವಳಿಗೆ ಕಲಿಸಿದ್ದು ಆ ಮುದುಕಿಯೇ. ನಾಲಿಗೆಯ ಹಿಂಭಾಗವನ್ನು ಅಂಗುಳಕ್ಕೆ ಒತ್ತಬೇಕು, ಉಗುರನ್ನು ಅಂಗೈಗೆ ಚುಚ್ಚಬೇಕು, ಬಾಯಲ್ಲಿದ್ದ ಎಂಜಲನ್ನು ಸ್ವಲ್ಪಸ್ವಲ್ಪವೇ ನುಂಗಬೇಕು, ಕಣ್ಣಲ್ಲಿ ನೀರು ಬಂದರೂ ಎದೆ ಅಲುಗಬಾರದು. ಮುದುಕಿ ಇವಳ ಪಕ್ಕದಲ್ಲೇ ಕೂತು, ಕಿವಿಗೆ ಬಾಯಿ ಹಚ್ಚಿ, ಗುಟ್ಟು ಹೇಳುವ ಹಾಗೆ ಇದನ್ನೆಲ್ಲ ಕಲಿಸಿದಳು. ಒಂದು ದಿನ ಮುದುಕಿ ಕೆಲಸಕ್ಕೆ ಬರಲಿಲ್ಲ, ಮತ್ತೆ ಬರಲೇ ಇಲ್ಲ. ವಯಸ್ಸಾಗಿತ್ತು, ಹೋದಳು ಎಂದರು. ಏನಾಗಿತ್ತು ಎಂದು ಯಾರೂ ಕೇಳಲಿಲ್ಲ.

ಪುಟ್ಟಿ ರೇಕಕ್ಕನ ತಂಗಿಯ ಮಗಳು. ತಂಗಿ ಹೆರಿಗೆಯ ನಂಜಿನಲ್ಲಿ ತೀರಿಕೊಂಡಳು. ತಂಗಿಯ ಗಂಡ ಮಗುವನ್ನು ಟವೆಲಿನಲ್ಲಿ ಸುತ್ತಿ ತಂದು, "ಅತ್ತಿಗೆ, ಸ್ವಲ್ಪ ದಿನ ನೋಡ್ಕೊಳ್ಳಿ" ಎಂದು ಮಡಿಲಿಗೆ ಹಾಕಿ ಹೋದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮಡಿಲು ಖಾಲಿ ಇದ್ದವಳಿಗೆ ಅದು ಮುಗಿಯುವುದೂ ಬೇಕಿರಲಿಲ್ಲ. ಒಂದೇ ಕೋಣೆಯ ಮನೆ, ಒಂದೇ ಚಾಪೆ, ಒಂದೇ ಕಂಬಳಿ. ಮಗು ದೊಡ್ಡಮ್ಮನ ಕಡೆಗೇ ಮುಖ ಮಾಡಿ, ಅವಳ ಕತ್ತಿನ ಸಂದಿಗೆ ಮೂಗು ತೂರಿಸಿ ಮಲಗುತ್ತಿತ್ತು. ಮನೆಯ ಕಿಟಕಿಯೂ ಮುಚ್ಚಿಯೇ ಇರುತ್ತಿತ್ತು. ಬಾಗಿಲು ಕಿಟಕಿ ತೆರೆದಿದ್ದರೆ ಏನೋ ಹಾರಿಹೋದೀತು ಎಂಬ ಭಯ ರೇಕಕ್ಕನಿಗೆ ಮೈಗೂಡಿಬಿಟ್ಟಿತ್ತು.

ಆ ಹುಡುಗಿ ನಗುಬುರುಕಿ. ಸಾಸಿವೆ ಸಿಡಿದರೂ ನಗು, ಬೆಕ್ಕು ಜಾರಿದರೂ ನಗು. ಶಾಲೆ ಮುಗಿಸಿ ಕೋಣೆಗೆ ಬಂದು ಕೂತಾಗ, ಅಂಗಳದ ಸುತ್ತಿಗೆಯವರು "ಇವಳು ವಾರ ತಡೆಯಲ್ಲ" ಎಂದು ಪಂದ್ಯ ಕಟ್ಟಿದ್ದರು. ಮೊದಮೊದಲು ದಿನಕ್ಕೆ ಹತ್ತು ಸಲ ಹೊರಗೆ ಓಡಿ, ಗೋಡೆಗೆ ಹಣೆ ಹಚ್ಚಿ ನಕ್ಕು ಬರುತ್ತಿದ್ದಳು. ರೇಕುಮನೆಯ ಯಜಮಾನರು ಮುಖ ಗಂಟಿಕ್ಕಿದಾಗ ರೇಕಕ್ಕ ಮಗಳ ಕಿವಿಗೆ ಬಾಯಿ ಹಚ್ಚಿ ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದಳು. ನಗುವಿಗೂ ಕೆಮ್ಮಿಗೂ ಉಪಾಯ ಒಂದೇ. ಕೆಲವೇ ತಿಂಗಳಲ್ಲಿ ಪುಟ್ಟಿ ಎಷ್ಟು ಪಳಗಿದಳೆಂದರೆ, ಪಕ್ಕದವಳು ಬೇಕೆಂದೇ ಕಾಲಿಗೆ ಕಚಗುಳಿ ಇಟ್ಟರೂ ಇಕ್ಕಳದ ತುದಿ ಅಲುಗುತ್ತಿರಲಿಲ್ಲ. ಸುತ್ತಿಗೆಯವರು ಪಂದ್ಯ ಸೋತು ಎಲ್ಲರಿಗೂ ಚಹಾ ಕುಡಿಸಿದರು. ರೇಕಕ್ಕನಿಗೆ ಆ ದಿನ ಆದ ಸಂತೋಷ ಹೇಳತೀರದು.

ಪುಟ್ಟಿ ಇಪ್ಪತ್ತು ದಾಟಿದ ವರ್ಷ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಆ ಬೀದಿಗೆ ಬಂದಳು. ಕೈಚೀಲದ ತುಂಬ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಗಳು. ಕಫ ಹಿಡಿದುಕೊಂಡು ಹೋಗಿ ಪರೀಕ್ಷೆ ಮಾಡಿಸುವ ಡಬ್ಬಿ ಎಂದು ತಿಳಿದ ಮೇಲೆ ಬೀದಿಯವರು ಅವಳಿಗೆ ಡಬ್ಬಿ ಮೇಡಂ ಎಂದು ಹೆಸರಿಟ್ಟರು. ಅವಳೂ ಒಂದು ಕಾಲದಲ್ಲಿ ಕ್ಷಯದ ರೋಗಿಯಾಗಿದ್ದವಳೇ, ಮಾತ್ರೆ ತಿಂದು ವಾಸಿಯಾಗಿ ಈ ಕೆಲಸಕ್ಕೆ ಸೇರಿದವಳು. ಆ ಭಾಗದಲ್ಲಿ ಕ್ಷಯ ಹೆಚ್ಚು. ಒತ್ತೊತ್ತಾದ ಮನೆಗಳು, ಧೂಳಿನ ಕೆಲಸ, ಅರೆಹೊಟ್ಟೆ. ಸರ್ಕಾರ ಅದನ್ನು ಬೇರುಸಹಿತ ಕಿತ್ತುಹಾಕುತ್ತೇವೆಂದು ಗೋಡೆಗೋಡೆಗೂ ಬರೆಸಿತ್ತು. ಬರೆಸಿದವರು ಆಫೀಸಿನಲ್ಲಿ ಕೂತಿದ್ದರು, ಕೀಳಬೇಕಾದವಳು ಬಿಸಿಲಲ್ಲಿ ನಡೆಯುತ್ತಿದ್ದಳು.

ಅವಳು ಬಾಗಿಲು ತಟ್ಟಿ, ಒಳಗಿನಿಂದ "ಹ್ಞೂಂ" ಬಂದ ಮೇಲೆ ಒಳಗೆ ಬಂದಳು. ಬಂದವಳೇ ಬೆವರು ಒರೆಸಿಕೊಂಡು, "ಏನಮ್ಮಾ ಇದು, ಹೀಗೆ ಮುಚ್ಕೊಂಡು ಕೂತಿದೀರಲ್ಲ!" ಎಂದಳು.

"ತೆರೆದ್ರೆ ನಮ್ಮ ಅನ್ನ ಹಾರಿಹೋಗುತ್ತೆ ಮೇಡಂ," ಎಂದಳು ರೇಕಕ್ಕ.

ಡಬ್ಬಿ ಮೇಡಂ ಎಲ್ಲೆಡೆ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿದಳು. "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರೋರು ಯಾರಾದ್ರೂ ಇದೀರಾ?"

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. "ಮೇಡಂ," ಎಂದಳು ರೇಕಕ್ಕ, "ನೀವು ಬೋಳುತಲೆಯೋರ ಮನೆಗೆ ಬಾಚಣಿಗೆ ಮಾರೋಕೆ ಬಂದಂಗಾಯ್ತು. ಈ ಕೋಣೇಲಿ ಎರಡು ವಾರ ಹಾಗಿರ್ಲಿ, ಎರಡು ಸಲ ಕೆಮ್ಮಿದೋರೂ ಇಲ್ಲ. ಬೇಕಾದ್ರೆ ಸಂಜೆತನಕ ಕೂತು ಕೇಳಿಸ್ಕೊಳ್ಳಿ."

ಡಬ್ಬಿ ಮೇಡಂ ಸ್ವಲ್ಪ ಹೊತ್ತು ಕೂತಳು ಕೂಡ. ಸುತ್ತಿಗೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆ ಬೀದಿಯ ಬೇರೆ ಯಾವ ಮನೆಯಲ್ಲೂ ಇಂಥ ನಿಶ್ಶಬ್ದ ಸಿಕ್ಕಿರಲಿಲ್ಲ. ಅವಳಿಗೂ ಸಮಾಧಾನವಾಯಿತು. "ಒಳ್ಳೇದಮ್ಮಾ, ಹೀಗೇ ಇರಿ," ಎಂದು ಎದ್ದು ಪಕ್ಕದ ಬೀಗದ ಕಾರ್ಖಾನೆಗೆ ಹೋದಳು. ಅವಳು ಹೊಸ್ತಿಲು ದಾಟುವಾಗ ಪುಟ್ಟಿ ತಲೆಯೆತ್ತಿ ದೊಡ್ಡಮ್ಮನ ಮುಖ ನೋಡಿದಳು. ರೇಕಕ್ಕ ಅದನ್ನು ಕಂಡಳು. ಹೊಟ್ಟೆ ಹಸಿದಿರಬೇಕು ಎಂದುಕೊಂಡಳು.

ಮಳೆಗಾಲ ಕಳೆಯುವ ಹೊತ್ತಿಗೆ ಪುಟ್ಟಿಯ ರವಿಕೆಗಳೆಲ್ಲ ಸಡಿಲವಾದವು. ರೇಕಕ್ಕ ಒಂದೊಂದಕ್ಕೂ ಒಳಹೊಲಿಗೆ ಹಾಕಿಕೊಟ್ಟಳು. ಸಂಜೆಯಾದರೆ ಹುಡುಗಿಯ ಕೆನ್ನೆ ಕೆಂಪಗಾಗುತ್ತಿತ್ತು, ಮೈ ಬೆಚ್ಚಗಿರುತ್ತಿತ್ತು. ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದಳು. "ಮೈಗೆ ಹತ್ತೋಹಂಗೆ ತಿನ್ನೇ, ಹಕ್ಕಿ ಕೂಡ ನಿನಗಿಂತ ಜಾಸ್ತಿ ತಿನ್ನುತ್ತೆ" ಎಂದು ಬೈದು ರೇಕಕ್ಕ ಮೊಟ್ಟೆ ತಂದಳು, ಹಾಲು ತಂದಳು. ಪುಟ್ಟಿ ಬಚ್ಚಲಿಗೆ ಹೋದಾಗಲೆಲ್ಲ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಿದ್ದಳು. ನೀರು ಹಾಳುಮಾಡುತ್ತಾಳೆ ಎಂದು ಅದಕ್ಕೂ ಬೈಗುಳ. ನೀರಿನ ಸದ್ದಿನ ಅಡಿಯಲ್ಲಿ ಅವಳು ಏನು ಮಾಡುತ್ತಿದ್ದಾಳೆ ಎಂಬುದು ದೊಡ್ಡಮ್ಮನ ತಲೆಗೆ ಹೊಳೆಯಲಿಲ್ಲ. ಕೆಮ್ಮು ಎಂಬುದು ತನ್ನ ಮನೆಯ ಪದವೇ ಅಲ್ಲ ಎಂದು ಅವಳು ನಂಬಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಮಗುವಿನ ಎದೆಯೊಳಗೆ ನಡೆಯುತ್ತಿದ್ದದ್ದು ಆ ಕಣ್ಣಿಗೆ ಬೀಳಲಿಲ್ಲ.

ಆ ದಿನ ದೊಡ್ಡ ಗಿರಾಕಿಯ ಕೆಲಸ ನಡೆಯುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕೂತಿದ್ದರು. ಪುಟ್ಟಿ ರೇಕನ್ನು ದಿಂಬಿನ ಮೇಲೆ ಹಾಸಿ, ಸುಕ್ಕು ಬಿಡಿಸಲು ತುಟಿ ಮುಂದೆ ಮಾಡಿದವಳು ಊದದೆ ಹಾಗೇ ಉಳಿದಳು. ಎಡಗೈ ಮುಷ್ಟಿ ಬಿಗಿಯಿತು. ಕತ್ತಿನ ನರ ಎದ್ದು ಕಂಡಿತು. ರೇಕಕ್ಕನಿಗೆ ಅದೇನೆಂದು ಆ ಕ್ಷಣಕ್ಕೆ ತಿಳಿಯಿತು, ಏಕೆಂದರೆ ಒಂದು ಕೆಮ್ಮನ್ನು ಹೇಗೆ ಕೊಲ್ಲಬೇಕೆಂದು ಕಲಿಸಿದವಳು ಅವಳೇ. ಪುಟ್ಟಿ ಬಹಳ ಹೊತ್ತು ತಡೆದಳು. ಆಮೇಲೆ ಬಾಯಿ ತುಂಬಿ ಬಂತು. ಅವಳು ಎರಡೂ ಕೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದ ರಕ್ತ ಚಿನ್ನದ ಮೇಲೆ ಬಿತ್ತು.

ಕೋಣೆಯಲ್ಲಿ ಒಬ್ಬರೂ ಕಿರುಚಲಿಲ್ಲ. ಕಿರುಚುವುದನ್ನೂ ನುಂಗಿ ಅಭ್ಯಾಸವಾಗಿತ್ತಲ್ಲ.

"ರೇಕು ಹಾಳಾಯ್ತು ದೊಡ್ಡಮ್ಮಾ," ಎಂದಳು ಪುಟ್ಟಿ. "ಯಜಮಾನ್ರು ಬೈತಾರೆ."

ರೇಕಕ್ಕ ಎದ್ದ ರಭಸಕ್ಕೆ ಆ ಸಾಲಿನ ರೇಕುಗಳೆಲ್ಲ ಎದ್ದು ಹಾರಿದವು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಅಂಥದ್ದು ಆದದ್ದು ಅದೇ ಮೊದಲು. ಹುಡುಗಿಯನ್ನು ತಬ್ಬಿಕೊಂಡು ಅಂಗಳಕ್ಕೆ ಬಂದಳು. ಸುತ್ತಿಗೆಗಳು ನಿಂತವು. ಯಜಮಾನರು ಬೈಯಲಿಲ್ಲ, ಆಟೊ ಕರೆಸಿದರು. ಒಳ್ಳೆಯ ಮನುಷ್ಯರೇ. ಆದರೆ ಆಟೊ ತಿರುವು ದಾಟುವ ಮೊದಲೇ ಅವರು ಒಳಗೆ ಹೋಗಿ ಹಾರಿದ ಚಿನ್ನವನ್ನು ಕುಂಚದಿಂದ ಒಟ್ಟುಮಾಡಿಸತೊಡಗಿದ್ದರು. ಅವರವರ ಚಿಂತೆ ಅವರವರಿಗೆ.

ಆಸ್ಪತ್ರೆಯಲ್ಲಿ ಕಫವನ್ನು ಯಂತ್ರಕ್ಕಿಟ್ಟರು, ಅದೇ ಸಂಜೆ ಉತ್ತರ ಬಂತು, ಕ್ಷಯ. ಎಕ್ಸ್‌ರೇಯಲ್ಲಿ ಎರಡೂ ಕಡೆಯ ಶ್ವಾಸಕೋಶ ಹಾಳಾಗಿತ್ತು. ವಾರ್ಡಿನ ಡಾಕ್ಟರ್ ವಯಸ್ಸಿನಲ್ಲಿ ಪುಟ್ಟಿಗಿಂತ ಸ್ವಲ್ಪವೇ ದೊಡ್ಡವಳು. "ಔಷಧಿ ಇದೆ, ಒಳ್ಳೇ ಔಷಧಿ ಇದೆ. ನೀವು ಸ್ವಲ್ಪ ಮೊದಲೇ ಬರಬೇಕಿತ್ತು," ಎಂದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗಿತ್ತು. ಆ ಮಾತನ್ನು ಡಾಕ್ಟರ್ ಆಡಲಿಲ್ಲ, ಅವಳ ಮುಖದಲ್ಲಿತ್ತು.

ಮರುದಿನ ಡಬ್ಬಿ ಮೇಡಂ ಓಡಿಬಂದಳು. ವರಾಂಡದಲ್ಲಿ ರೇಕಕ್ಕನನ್ನು ಕಂಡು, ಬೈಯಲು ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಪಕ್ಕದಲ್ಲಿ ಕೂತು, "ನಾನು ಬಂದಿದ್ದೆ ಅಲ್ವಾ ಅಮ್ಮಾ ಆವತ್ತು. ಅವಳು ಅಲ್ಲೇ ಕೂತಿದ್ಲು," ಎಂದಳು. ಆಮೇಲೆ, "ನಿಮ್ಮ ಕೋಣೆಗೆ ಆ ಪ್ರಶ್ನೆ ಸರಿಯಿರ್ಲಿಲ್ಲ," ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಮನೆಯಲ್ಲಿ ಜೊತೆಗಿದ್ದವರೂ ಪರೀಕ್ಷೆ ಮಾಡಿಸಬೇಕು ಎಂಬುದು ನಿಯಮ. ರೇಕಕ್ಕನ ಕೈಗೆ ಡಬ್ಬಿ ಬಂತು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿ ಲ್ಯಾಬಿನವನು ಹೇಳಿದ, "ಆಳವಾಗಿ ಉಸಿರು ತಗೊಂಡು ಜೋರಾಗಿ ಕೆಮ್ಮಿ ಅಮ್ಮಾ. ಒಳಗಿಂದ ಬರ್ಬೇಕು."

ರೇಕಕ್ಕ ಉಸಿರು ತೆಗೆದುಕೊಂಡಳು. ಏನೂ ಬರಲಿಲ್ಲ. ಗಂಟಲು ತಾನೇ ತಾನಾಗಿ ಮುಚ್ಚಿಕೊಂಡಿತು. ಡಬ್ಬಿಯಲ್ಲಿ ಬಿದ್ದದ್ದು ಬರೀ ಎಂಜಲು. "ಇದು ಎಂಜಲಾಯ್ತು, ಕೆಮ್ಮಿ" ಎಂದ. ಮತ್ತೆ ಪ್ರಯತ್ನಿಸಿದಳು. ಅವನು ತಾನೇ ಕೆಮ್ಮಿ ತೋರಿಸಿದ, ಹೀಗೆ, ಹೊಟ್ಟೆಯಿಂದ, ಎಂದ. ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದ ಮುದುಕನೊಬ್ಬ, "ನನ್ನ ಹತ್ರ ಬೇಕಾದಷ್ಟಿದೆ, ಸಾಲ ಕೊಡ್ಲಾ ತಾಯಿ?" ಎಂದು ನಗಿಸಲು ನೋಡಿದ. ಮುದುಕನ ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಬರವಿರಲಿಲ್ಲ. ರೇಕಕ್ಕ ನಗಲೂ ಇಲ್ಲ, ಕೆಮ್ಮಲೂ ಇಲ್ಲ. ಉಪ್ಪುನೀರಿನ ಹಬೆ ಕೊಟ್ಟು ಎದೆಯನ್ನು ಕೆರಳಿಸಿದ ಮೇಲೆ ಮೊದಲ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ವರ್ಷಗಟ್ಟಲೆ ತಡೆದದ್ದೆಲ್ಲ ಒಟ್ಟಿಗೇ ಬಂದಂತೆ, ಮರವನ್ನು ಹಿಡಿದುಕೊಂಡು ಮಂಡಿಯೂರಿ ಕೆಮ್ಮಿದಳು.

ಡಾಕ್ಟರ್ ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಶ್ವಾಸಕೋಶದ ಮೇಲ್ಭಾಗದಲ್ಲಿ ರೋಗ ಕೊರೆದ ಒಂದು ಗೂಡು, ಸುತ್ತ ಗಟ್ಟಿಯಾದ ಗೋಡೆ. "ಇದು ಹಳೇದು. ತುಂಬ ವರ್ಷದ್ದು," ಎಂದಳು. "ನಿಮಗೆ ಕೆಮ್ಮು ಬರ್ತಿರ್ಲಿಲ್ವಾ?"

"ಬರ್ತಿತ್ತು," ಎಂದಳು ರೇಕಕ್ಕ. "ಕೆಮ್ತಿರ್ಲಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. ಯಾರಿಂದ ಯಾರಿಗೆ ಬಂತು ಎಂದು ಖಚಿತವಾಗಿ ಹೇಳಲಾಗದು, ಒಂದೇ ಗಾಳಿಯಲ್ಲಿ ಇದ್ದವರು, ಆ ಕೋಣೆಯಲ್ಲಿ ಇನ್ನೂ ಎಷ್ಟು ಜನರಿಗೆ ಇದೆಯೋ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ವಿವರಿಸಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ರೇಕಕ್ಕನ ಕಿವಿಗೆ "ತುಂಬ ವರ್ಷದ್ದು" ಎಂಬುದರ ನಂತರ ಏನೂ ಬೀಳಲಿಲ್ಲ. ಒಣಗಿದ ಸೌದೆಯಂಥ ಮುದುಕಿಯ ಬಾಯಿ ತನ್ನ ಕಿವಿಯ ಹತ್ತಿರ ಬಂದದ್ದು ನೆನಪಾಯಿತು. ಕತ್ತಿನ ಸಂದಿಗೆ ಮೂಗು ತೂರಿಸಿ ಮಲಗುತ್ತಿದ್ದ ಮಗು ನೆನಪಾಯಿತು. ಆ ಮಗು ಉಸಿರೆಳೆದುಕೊಂಡದ್ದು ಯಾರ ಉಸಿರನ್ನು ಎಂದು ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಆ ಮಗು ಮಡಿಲಿಗೆ ಬರುವ ಮೊದಲೇ ತಾನು ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅತ್ತಳು.

ಇಬ್ಬರಿಗೂ ಮಾತ್ರೆ ಶುರುವಾಯಿತು. ರೇಕಕ್ಕ ಮನೆಯಲ್ಲಿ, ಪುಟ್ಟಿ ವಾರ್ಡಿನಲ್ಲಿ. ರೇಕಕ್ಕನಿಂದ ಸೋಂಕು ಹರಡುವ ಕಾಲ ಮುಗಿಯುವವರೆಗೆ ಕಿಟಕಿಯಾಚೆ ನಿಂತು ಮಾತಾಡಬೇಕಿತ್ತು. ಆಮೇಲೆ ಮಾಸ್ಕ್ ಹಾಕಿಕೊಂಡು ಮಂಚದ ಪಕ್ಕ ಕೂರಲು ಬಿಟ್ಟರು. ಮಾತ್ರೆಯಿಂದ ಇಬ್ಬರ ಮೂತ್ರವೂ ಕೇಸರಿ ಬಣ್ಣಕ್ಕೆ ತಿರುಗಿತು. "ನೋಡು ದೊಡ್ಡಮ್ಮಾ, ಇಷ್ಟು ವರ್ಷ ಕೈಯಲ್ಲಿ ಚಿನ್ನ ಹಿಡಿದಿದ್ದಕ್ಕೆ ಈಗ ಒಳಗಿಂದಲೂ ಬರ್ತಿದೆ. ಯಜಮಾನ್ರಿಗೆ ಹೇಳ್ಬೇಡ, ಅದನ್ನೂ ಸೋಸೋಕೆ ಬರ್ತಾರೆ," ಎಂದು ಪುಟ್ಟಿ ನಗಿಸಿದಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ನರ್ಸ್ ಬಂದು, ಕೆಮ್ಮು ತಡೀಬೇಡ, ಹೊರಗೆ ಹಾಕು ಎಂದು ಗದರುತ್ತಿದ್ದಳು. ಯಾರಾದರೂ ಹತ್ತಿರ ಇದ್ದರೆ ಪುಟ್ಟಿಗೆ ಕೆಮ್ಮಲು ಕಡೆಯವರೆಗೂ ಸಂಕೋಚವೇ.

ಆಮೇಲೆ ಆದದ್ದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಉಳಿದದ್ದನ್ನು ಹೇಳುವುದು ಕಷ್ಟ. ಪುಟ್ಟಿ ಬದುಕಲಿಲ್ಲ. ಔಷಧಿ ತನ್ನ ಕೆಲಸ ಮಾಡುತ್ತಿತ್ತು, ಅದು ಕೆಲಸ ಮಾಡಲು ಎದೆಯಲ್ಲಿ ಜಾಗ ಉಳಿದಿರಲಿಲ್ಲ. ಡಬ್ಬಿ ಮೇಡಂ ಮೇಲಿನವರ ಜೊತೆ ಹೊಡೆದಾಡಿ, ಕೈಯಲ್ಲೇ ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರವನ್ನು ಆ ಅಂಗಳಕ್ಕೆ ತರಿಸಿದಳು. ಕೆಮ್ಮಿದೆಯಾ ಎಂದು ಯಾರನ್ನೂ ಕೇಳಲಿಲ್ಲ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎದೆಯ ಚಿತ್ರ ತೆಗೆಸಿದಳು. ಒಳಕೋಣೆಯ ಮೂವರು ಹೆಂಗಸರಲ್ಲಿ, ಸುತ್ತಿಗೆಯವನೊಬ್ಬನಲ್ಲಿ ರೋಗ ಸಿಕ್ಕಿತು. ಇನ್ನೂ ಮೊಳಕೆಯಲ್ಲೇ ಇತ್ತು, ನಾಲ್ವರೂ ವಾಸಿಯಾದರು. ಈಗ ಆ ಕೋಣೆಯಲ್ಲಿ ಆಗಾಗ ಕೆಲಸ ನಿಲ್ಲಿಸಿ, ರೇಕುಗಳನ್ನು ಮುಚ್ಚಿಟ್ಟು, ಕಿಟಕಿ ಬಾಗಿಲು ತೆರೆದು ಎಲ್ಲರೂ ಅಂಗಳಕ್ಕೆ ಬರುತ್ತಾರೆ. ಕೆಲಸ ಕಡಿಮೆಯಾಗುತ್ತದೆ ಎಂದು ಯಜಮಾನರು ಮೊದಲು ಗೊಣಗಿದರು, ಆಮೇಲೆ ತಾವೇ ಎದ್ದು ಕಿಟಕಿ ತೆಗೆಯತೊಡಗಿದರು.

ರೇಕಕ್ಕನೂ ವಾಸಿಯಾದಳು. ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲಿಲ್ಲ. ಬದುಕುವ ಆಸೆಯಿಂದಲ್ಲ, ಪುಟ್ಟಿ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೆ. ಅವಳು ಮತ್ತೆ ರೇಕು ಮುಟ್ಟಲಿಲ್ಲ. ಡಬ್ಬಿ ಮೇಡಂ ಜೊತೆ ಬೇರೆ ಬೇರೆ ಕಾರ್ಖಾನೆಗಳಿಗೆ ಹೋಗುತ್ತಾಳೆ. ಯಾರು ಕೆಮ್ಮು ನುಂಗುತ್ತಿದ್ದಾರೆ ಎಂಬುದನ್ನು ಅವರ ಕತ್ತು ನೋಡಿಯೇ ಪತ್ತೆ ಹಚ್ಚುತ್ತಾಳೆ. "ಬಾರಮ್ಮ ಹೊರಗೆ, ನಾಚ್ಕೋಬೇಡ, ಕೆಮ್ಮು" ಎಂದು ಕೈ ಹಿಡಿದು ಎಬ್ಬಿಸುತ್ತಾಳೆ. ಮಗಳು ಹೇಗೆ ಸತ್ತಳೆಂದು ಕೇಳಿದರೆ ಎಲ್ಲವನ್ನೂ ಹೇಳುತ್ತಾಳೆ, ನಲ್ಲಿಯ ನೀರಿನ ವಿಷಯ, ಚಿನ್ನದ ಮೇಲೆ ಬಿದ್ದ ರಕ್ತದ ವಿಷಯ, ಎಲ್ಲ. ಒಂದು ಮಧ್ಯಾಹ್ನದ ಮಾತನ್ನು ಮಾತ್ರ ಹೇಳುವುದಿಲ್ಲ. ಅದನ್ನು ಡಬ್ಬಿ ಮೇಡಂಗೆ ಒಮ್ಮೆ, ಬಸ್ ಸ್ಟಾಪಿನಲ್ಲಿ ಕೂತಿದ್ದಾಗ ಹೇಳಿದ್ದಾಳೆ, ಅಷ್ಟೇ.

ಆ ಮಧ್ಯಾಹ್ನ ವಾರ್ಡಿನಲ್ಲಿ ಹೆಚ್ಚಿನವರು ಮಲಗಿದ್ದರು. ಪುಟ್ಟಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ರೇಕಕ್ಕ ಅವಳ ತಲೆ ಬಾಚುತ್ತಿದ್ದಳು. ಕೂದಲು ತೆಳ್ಳಗಾಗಿತ್ತು, ಬಾಚಣಿಗೆಯನ್ನು ಒತ್ತಲು ಕೈ ಬರುತ್ತಿರಲಿಲ್ಲ.

"ದೊಡ್ಡಮ್ಮಾ, ಒಂದು ಮಾತು ಕೇಳ್ಲಾ?"

"ಕೇಳು."

"ನಿನಗೂ ಇದೆ ಅಂತ ಅವತ್ತು ಡಾಕ್ಟರ್ ಹೇಳಿದಾಗಿಂದ ನನಗೆ ನಿದ್ದೆ ಇಲ್ಲ." ಅವಳು ಉಸಿರಿಗಾಗಿ ನಿಂತು ಮುಂದುವರಿಸಿದಳು. "ನಾನೇ ಎಲ್ಲಿಂದಲೋ ತಂದು ನಿನಗೆ ಅಂಟಿಸಿಬಿಟ್ಟೆ. ನನಗೆ ಗೊತ್ತಿತ್ತು ದೊಡ್ಡಮ್ಮಾ, ಏನೋ ಆಗಿದೆ ಅಂತ. ಆ ಮೇಡಂ ಬಂದಾಗ್ಲೇ ಹೇಳ್ಬೇಕಿತ್ತು. ಎಲ್ಲರ ಮುಂದೆ ನಿನ್ನ ಮಾತು ಸುಳ್ಳಾಗುತ್ತೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದು ನಿನ್ನ ಪಕ್ಕದಲ್ಲೇ ಮಲಗ್ದೆ."

ಬಾಚಣಿಗೆ ನಿಂತಿತು. ಇಲ್ಲ ಮಗಳೇ, ನನ್ನಿಂದ ನಿನಗೆ ಬಂದದ್ದು, ನೀನು ಹಾಲು ಕುಡಿಯುವ ಮಗುವಾಗಿದ್ದಾಗಿನಿಂದ ನನ್ನ ಎದೆಯಲ್ಲಿ ಇದ್ದದ್ದು. ಮಾತು ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಇವಳು ಮುಖ ತಿರುಗಿಸಿಬಿಟ್ಟರೆ? ಉಳಿದಿರುವ ಈ ನಾಲ್ಕು ದಿನ ಇವಳು ನನ್ನನ್ನು ದೊಡ್ಡಮ್ಮಾ ಎಂದು ಕರೆಯದೇ ಹೋದರೆ? ಲೋಕದಲ್ಲಿ ಅವಳನ್ನು ಹಾಗೆ ಕರೆಯುವ ಜೀವ ಇನ್ನೊಂದಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳು ನುಂಗಲೂ ಆರದೆ ಉಗುಳಲೂ ಆರದೆ ಕೂತಳು. ಹೇಳಬೇಕು, ನಾಳೆ ಹೇಳುತ್ತೇನೆ, ಇವಳಿಗೆ ಸ್ವಲ್ಪ ಉಸಿರು ತಿರುಗಲಿ ಎಂದುಕೊಂಡಳು.

"ಸಿಟ್ಟು ಬಂತಾ?" ಎಂದಳು ಪುಟ್ಟಿ.

"ಇಲ್ವೇ. ನಿನ್ನ ಮೇಲೆ ನನಗೆಂಥಾ ಸಿಟ್ಟು."

"ಹಾಗಾದ್ರೆ ಕ್ಷಮಿಸಿದೀನಿ ಅಂತ ಬಾಯ್ಬಿಟ್ಟು ಹೇಳು. ನೀನು ಹೇಳದಿದ್ರೆ ನನಗೆ ಸಮಾಧಾನ ಆಗಲ್ಲ."

ಪುಟ್ಟಿ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಉಳಿದಿದ್ದದ್ದು ಕಣ್ಣುಗಳಷ್ಟೇ.

"ಕ್ಷಮಿಸಿದೀನಿ ಮಗಳೇ," ಎಂದಳು ರೇಕಕ್ಕ.

"ಸದ್ಯ," ಎಂದು ಪುಟ್ಟಿ ದಿಂಬಿಗೆ ಒರಗಿದಳು. ಎಷ್ಟೋ ದಿನಗಳ ಮೇಲೆ ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನಿದ್ದೆ ಬಂತು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಆ ವಾರವೇ ಹೋದಳು.